ಪೋಕರ್‌ಗಾಗಿ ಕೆಲಸ ಬಿಡುವ ಮುನ್ನ: ಸಲಹೆ ಕೊಟ್ಟವರಿಗೆ ದುಡ್ಡು ಎಲ್ಲಿಂದ ಬರುತ್ತದೆ, ನೋಡಿ

ಆರು ಜನರ ಟೇಬಲ್‌ಗಳಲ್ಲಿ ಹೋಲ್ಡೆಮ್ ಅನ್ನುವ ಬಗೆಯ ಪೋಕರನ್ನು ಆನ್‌ಲೈನ್‌ನಲ್ಲಿ ಆಡುವ ಹುಡುಗ. 40,000 ಹ್ಯಾಂಡ್ (ಎಲೆ ಹಂಚಿ ಆಡುವ ಒಂದೊಂದು ಸುತ್ತು) ಆಗಿದೆ, ನೂರು ಹ್ಯಾಂಡಿಗೆ ಸರಾಸರಿ 6 ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಹಾಕಬೇಕಾದ ಕಡ್ಡಾಯ ಪಣ, ಗೆಲುವು-ಸೋಲನ್ನು ಅಳೆಯುವುದು ಇದರಲ್ಲೇ) ಗೆಲುವು. ಗ್ರಾಫ್ ನೋಡಿದ ಕೋಚ್ ‘ನೀನು ಪಕ್ಕಾ ಗೆಲ್ಲುವ ಆಟಗಾರ, ಇನ್ನು ಕೆಲಸ ಯಾಕೆ’ ಅನ್ನುತ್ತಾನೆ. ಹುಡುಗ ರಾಜೀನಾಮೆ ಕೊಟ್ಟು ಕೋಚಿಂಗ್ ಕರಾರಿಗೆ ಸಹಿ ಹಾಕುತ್ತಾನೆ. ಮುಂದಿನ 40,000 ಹ್ಯಾಂಡಿನಲ್ಲಿ ಗೆದ್ದದ್ದೆಲ್ಲ ಹೋಗಿ, ಬಾಡಿಗೆಗೆ ಎತ್ತಿಟ್ಟ ದುಡ್ಡಿಗೂ ಕೈ ಹಾಕುವ ಸ್ಥಿತಿ ಬರುತ್ತದೆ. ಈ ಆಟದ ಸುತ್ತ ಇದು ಮತ್ತೆ ಮತ್ತೆ ನಡೆಯುತ್ತಿದೆ. ಅದಕ್ಕೇ ಈ ಬರಹ.

ಗ್ರಾಫ್‌ನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅಷ್ಟು ದೊಡ್ಡ ತೀರ್ಮಾನವನ್ನು ಹೊರುವ ಶಕ್ತಿ ಅದಕ್ಕಿರಲಿಲ್ಲ. ಲೆಕ್ಕ ಹಾಕಿ ನೋಡಿ: ಈ ಆಟದ ಸ್ಟ್ಯಾಂಡರ್ಡ್ ಡೀವಿಯೇಶನ್ (ಫಲಿತಾಂಶ ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತದೆ ಅನ್ನುವ ಅಳತೆ) ನೂರು ಹ್ಯಾಂಡಿಗೆ ಸುಮಾರು 90 ಬಿಗ್ ಬ್ಲೈಂಡ್. 40,000 ಹ್ಯಾಂಡ್ ಅಂದರೆ ನೂರರ 400 ಕಂತು. 400ರ ವರ್ಗಮೂಲ 20. 90ನ್ನು 20ರಿಂದ ಭಾಗಿಸಿದರೆ 4.5, ಅದರ ಎರಡರಷ್ಟು 9. ನಿಜವಾದ ಸರಾಸರಿ ಸಾಮಾನ್ಯವಾಗಿ ಕಂಡ ಸರಾಸರಿಯಿಂದ ಇಷ್ಟು ಆಚೀಚೆಯೊಳಗೆ ಇರುತ್ತದೆ. ಹಾಗಾಗಿ ಆ ಹುಡುಗನ ನಿಜವಾದ ಗತಿ 15 ಇರಬಹುದು, ಮೈನಸ್ 3 ಕೂಡ ಇರಬಹುದು. ಒಂದು ಲಕ್ಷ ಹ್ಯಾಂಡ್ ಆದ ಮೇಲೂ ಆಚೀಚೆ ಸುಮಾರು 5.7 ಉಳಿದೇ ಇರುತ್ತದೆ. ಗ್ರಾಫ್‌ನಲ್ಲಿ ‘ಆಲ್-ಇನ್ ಇವಿ’ (ಎಲ್ಲ ಚಿಪ್ ಹಾಕಿದಾಗ ಸರಾಸರಿಯಲ್ಲಿ ಸಿಗಬೇಕಾದದ್ದು) ಗೆರೆ ತೋರಿಸಿ ಅದೃಷ್ಟವನ್ನೆಲ್ಲ ಕಳೆದಿದ್ದೇವೆ ಅನ್ನುವವರನ್ನೂ ನಂಬಬೇಡಿ. ಎಲ್ಲ ಚಿಪ್ ಒಳಗೆ ಹೋದ ಮೇಲೆ ಬೀಳುವ ಎಲೆಗಳ ಅದೃಷ್ಟವನ್ನಷ್ಟೇ ಅದು ಸರಿದೂಗಿಸುತ್ತದೆ. ನಿಮ್ಮ ರಾಜನ ಜೋಡಿಗೆ ಎದುರಾಳಿಯ ಬಳಿ ಎಕ್ಕದ ಜೋಡಿ ಎಷ್ಟು ಸಲ ಇತ್ತು ಅನ್ನುವುದು ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ನಿಜಕ್ಕೂ 3 ಬಿಗ್ ಬ್ಲೈಂಡ್ ಗತಿಯಲ್ಲಿ ಗೆಲ್ಲುವವರ ಪಾಡೇ ಕೇಳಿ. ತಿಂಗಳಿಗೆ 30,000 ಹ್ಯಾಂಡ್ ಆಡಿದರೆ ನಿರೀಕ್ಷೆ 900 ಬಿಗ್ ಬ್ಲೈಂಡ್, ಏರಿಳಿತ ಸುಮಾರು 1,560. ಅಂದರೆ ನಾಲ್ಕು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ತಿಂಗಳು ನಷ್ಟದಲ್ಲೇ ಮುಗಿಯುವ ಸಂಭವ. ಈ ಮಾತನ್ನು ಮೊದಲ ಭೇಟಿಯಲ್ಲೇ ಹೇಳದ ಸಲಹೆಗಾರನಿಂದ ದೂರ ಇರಿ.

ಇನ್ನು ಸಲಹೆಗಾರರ ಆದಾಯದ ವಿಚಾರ. ಸೈನ್‌ಅಪ್ ಲಿಂಕ್ ಕೊಟ್ಟು ಸೈಟ್‌ಗೆ ಆಟಗಾರರನ್ನು ಸೇರಿಸುವ ಅಫಿಲಿಯೇಟ್‌ಗೆ ಸಾಮಾನ್ಯವಾಗಿ ನೀವು ಕಟ್ಟುವ ರೇಕ್‌ನಲ್ಲಿ (ಆಟದಿಂದ ಸೈಟ್ ಕತ್ತರಿಸಿಕೊಳ್ಳುವ ಶುಲ್ಕದಲ್ಲಿ) ಪಾಲು ಸಿಗುತ್ತದೆ. ನೀವು ಸೋತರೂ ಆಡುತ್ತಿರುವವರೆಗೆ ಅವನಿಗೆ ಆದಾಯ. ಕೋರ್ಸ್ ಮಾರುವವನಿಗೆ ಶುಲ್ಕ ಮೊದಲೇ ಬಂದಿರುತ್ತದೆ. ಟೂರ್ನಿಗಳಲ್ಲಿ ‘ಇಷ್ಟು ಲಕ್ಷ ಗೆದ್ದವರು’ ಅಂದರೆ ಅದು ಒಟ್ಟು ಬಹುಮಾನದ ಮೊತ್ತ. ಕಟ್ಟಿದ ಬೈ-ಇನ್ (ಪ್ರವೇಶ ಶುಲ್ಕ), ಸೋತ ಮೇಲೆ ದುಡ್ಡು ಕಟ್ಟಿ ಮತ್ತೆ ಮತ್ತೆ ಮಾಡಿದ ರೀ-ಎಂಟ್ರಿ, ಬೇರೆಯವರಿಗೆ ಮಾರಿದ ಪಾಲು, ಪ್ರಯಾಣ, ತೆರಿಗೆ ಯಾವುದನ್ನೂ ಅದರಲ್ಲಿ ಕಳೆದಿರುವುದಿಲ್ಲ. 2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನುವ ಹವ್ಯಾಸಿ ಆಟಗಾರ 86 ಡಾಲರ್‌ನ ಸ್ಯಾಟಲೈಟ್ (ದೊಡ್ಡ ಟೂರ್ನಿಯ ಪ್ರವೇಶ ಗೆಲ್ಲಲು ಆಡುವ ಸಣ್ಣ ಟೂರ್ನಿ) ಮೂಲಕ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿಗೆ ಹೋಗಿ 25 ಲಕ್ಷ ಡಾಲರ್ ಗೆದ್ದದ್ದು ನಿಜ. ಆ ವರ್ಷ ಆಡಲು ಕೂತವರು 839 ಮಂದಿ. ಅವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಎದ್ದರು, ಅವರನ್ನು ಯಾರೂ ಸಲಹೆ ಕೇಳಲಿಲ್ಲ. ಆ ಕಾಲದಲ್ಲಿ ಗೆದ್ದವರ ಅನುಭವವನ್ನೂ ಹಾಗೇ ಇಂದಿಗೆ ತರಬೇಡಿ. 2015ರ ನಂತರ ಸಾಲ್ವರ್ ತಂತ್ರಾಂಶಗಳು (ಯಾವಾಗ ಹೇಗೆ ಆಡಬೇಕೆಂದು ಲೆಕ್ಕ ಹಾಕಿ ತೋರಿಸುವವು) ಸಾಮಾನ್ಯ ಆಟಗಾರರ ಕೈಗೂ ಬಂದಿವೆ, ಕಡಿಮೆ ಪಣದ ಕೆಳ ಹಂತದ ಟೇಬಲ್‌ಗಳೂ ಬಿಗಿಯಾಗಿವೆ.

ಹೆಚ್ಚು ಹಾನಿ ಮಾಡುವುದು ಸ್ಟೇಕಿಂಗ್ ಕರಾರು. ‘ದುಡ್ಡು ನಮ್ಮದು, ಲಾಭ ಅರ್ಧ-ಅರ್ಧ, ನಿನಗೇನು ನಷ್ಟ?’ ಅಂತ ಶುರುವಾಗುತ್ತದೆ. ಒಳಗೆ ಮೇಕಪ್ ಅನ್ನುವ ಷರತ್ತು ಇರುತ್ತದೆ: ಸೋತದ್ದನ್ನು ಮೊದಲು ತುಂಬಿಕೊಡಬೇಕು, ಆಮೇಲೆ ಹಂಚಿಕೆ. ಒಂದು ತಿಂಗಳು 8,000 ಸೋತು, ಮುಂದಿನ ತಿಂಗಳು 5,000 ಗೆದ್ದರೆ ನಿಮ್ಮ ಕೈಗೆ ಸೊನ್ನೆ, ಇನ್ನೂ 3,000 ಬಾಕಿ. ಎರಡು ತಿಂಗಳ ದುಡಿಮೆಗೆ ಸಂಬಳವೇ ಇಲ್ಲ. ಕೋಚಿಂಗ್ ಕರಾರುಗಳಲ್ಲಿ, ಮಧ್ಯೆ ಬಿಟ್ಟರೆ ಕಲಿಸಿದ್ದಕ್ಕೆ ದುಡ್ಡು ಕಟ್ಟಬೇಕು ಅನ್ನುವ ಸಾಲು ಇದೆಯೇ ಅಂತಲೂ ಹುಡುಕಿ ನೋಡಿ.

ಗೆದ್ದ ದುಡ್ಡನ್ನೆಲ್ಲ ಸೈಟ್‌ನಲ್ಲೇ ಬಿಡಿ ಅನ್ನುವ ಸಲಹೆಯೂ ಬೇಡ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ದೊಡ್ಡ ಪೋಕರ್ ಸೈಟ್‌ಗಳ ಮೇಲೆ ಕ್ರಮ ಕೈಗೊಂಡ ನಂತರ, ಫುಲ್ ಟಿಲ್ಟ್ ಅನ್ನುವ ಸೈಟ್ ಆಟಗಾರರ ಹಣವನ್ನು ತನ್ನ ಹಣದಿಂದ ಬೇರೆಯಾಗಿ ಇಟ್ಟಿರಲಿಲ್ಲ ಅನ್ನುವುದು ಬಯಲಾಯಿತು. ಅಲ್ಲಿದ್ದ ಹಣಕ್ಕಾಗಿ ಜನ ವರ್ಷಗಟ್ಟಲೆ ಕಾದರು.

ಹಾಗಾದರೆ ಯಾರ ಮಾತು ಕೇಳುವುದು? ನಿಮಗಿಂತ ಒಂದೆರಡು ಹಂತ ಮೇಲೆ ಈಗಲೂ ಆಡುತ್ತಿರುವ, ನಿಮಗೆ ಏನನ್ನೂ ಮಾರದ ಆಟಗಾರರದು. ನಿಮ್ಮ ಡೇಟಾಬೇಸ್ ತೆರೆದು ಸೋತ ಸೆಷನ್‌ಗಳ ಹ್ಯಾಂಡ್‌ಗಳನ್ನೇ ಮೊದಲು ನೋಡುವವರದು. ನಮ್ಮ ಮಟ್ಟಿಗೆ ಎಲ್ಲರಿಗಿಂತ ಬೆಲೆಯುಳ್ಳ ಸಲಹೆ, ಕೆಲವು ವರ್ಷ ಇದರಿಂದಲೇ ಬದುಕಿ ಈಗ ಬಿಟ್ಟವರದು. ಯಾಕೆ ಬಿಟ್ಟಿರಿ, ಕೊನೆಯ ವರ್ಷ ರೇಕ್ ಮತ್ತು ಖರ್ಚು ಕಳೆದು ಎಷ್ಟು ಉಳಿಯಿತು ಅಂತ ಕೇಳಿ. ಮನೆಯವರಿಗೆ ಆಟ ಗೊತ್ತಿಲ್ಲದಿರಬಹುದು, ಆದರೆ ‘ಮೂರು ತಿಂಗಳು ಏನೂ ಬರದಿದ್ದರೆ ಸಂಸಾರ ಹೇಗೆ’ ಅನ್ನುವ ಅವರ ಪ್ರಶ್ನೆ ಸರಿಯಾದದ್ದೇ.

ಈಗಾಗಲೇ ಯಾವುದಾದರೂ ಕರಾರು ನಿಮ್ಮ ಮುಂದಿದ್ದರೆ ಮೂರು ಉತ್ತರಗಳನ್ನು ಬರಹದಲ್ಲಿ ತೆಗೆದುಕೊಳ್ಳಿ: ಮೇಕಪ್ ಯಾವಾಗ ರದ್ದಾಗುತ್ತದೆ, ನಾನು ಹೊರಬಂದರೆ ಎಷ್ಟು ಕೊಡಬೇಕು, ಯಾವ ಹಂತದಲ್ಲಿ ಆಡಬೇಕೆಂದು ಯಾರು ನಿರ್ಧರಿಸುತ್ತಾರೆ. ಬಾಯಿಮಾತಿನ ಉತ್ತರಕ್ಕೆ ಸಹಿ ಹಾಕಬೇಡಿ.