ಮೂರು ಬಣ್ಣದ ಸ್ಲೈಡ್‌ಗೆ ಯಾವ ಫಿಲ್ಟರ್?

ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್‌ನಲ್ಲಿ ನೋಡಲು ಕೋಶಕ್ಕೆ ಹಾಕಿದ ಹೊಳೆಯುವ ಬಣ್ಣಗಳು ಡಾಪಿ (ನ್ಯೂಕ್ಲಿಯಸ್‌ಗೆ ಅಂಟುವ ನೀಲಿ), ಅಲೆಕ್ಸಾ 488 (ಹಸಿರು), ಅಲೆಕ್ಸಾ 594 (ಕೆಂಪು), ಇಷ್ಟೇ ಆದರೆ ಸಿಂಗಲ್ ಬ್ಯಾಂಡ್ ಕ್ಯೂಬ್‌ಗಳೇ, ಅಂದರೆ ತಲಾ ಒಂದೇ ಬಣ್ಣಕ್ಕೆ ಮಾಡಿದ ಫಿಲ್ಟರ್ ಸೆಟ್‌ಗಳೇ ಸಾಕು. ಇವು ಹೆಚ್ಚು ಹೊಳೆಯುವುದು ಸುಮಾರು 460, 520, 617 ನ್ಯಾನೊಮೀಟರ್‌ನಲ್ಲಿ. ನಡುವೆ ಬೇಕಾದಷ್ಟು ಜಾಗ ಇದೆ ಅಲ್ವಾ? ಆದರೆ ಪ್ರತಿ ಬಣ್ಣಕ್ಕೂ ಕ್ಯೂಬ್ ತಿರುಗಬೇಕು. ಅಷ್ಟರಲ್ಲಿ ಜೀವಂತ ಕೋಶ ಜರುಗಿರುತ್ತದೆ. ಅಂಥ ಕೆಲಸಕ್ಕೆ ಹಲವು ಬಣ್ಣಗಳಿಗೂ ಒಂದೇ ಆಗುವ ಮಲ್ಟಿಬ್ಯಾಂಡ್ ಕ್ಯೂಬ್, ಜೊತೆಗೆ ಥಟ್ಟನೆ ಬದಲಾಗುವ ಎಲ್‌ಇಡಿ ವಾಸಿ. ಒಂದು ಬಣ್ಣದ ಬೆಳಕು ಇನ್ನೊಂದರ ಚಾನೆಲ್‌ಗೆ (ಆ ಬಣ್ಣಕ್ಕೆಂದು ತೆಗೆಯುವ ಚಿತ್ರಕ್ಕೆ) ಸೋರುವುದು ಮಾತ್ರ ಜಾಸ್ತಿ.

ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೊಟೀನ್) ಜೊತೆ ವೈಎಫ್‌ಪಿ (ಹಳದಿಯಾಗಿ ಹೊಳೆಯುವುದು) ಇದ್ದರೆ? ಹೊಳಪಿನ ಅಂತರ ಬರೀ 20 ನ್ಯಾನೊಮೀಟರ್‌ನಷ್ಟು. ಫಿಲ್ಟರ್‌ನಿಂದ ಪೂರ್ತಿ ಬೇರೆಯಾಗುವುದಿಲ್ಲ, ಬೆಳಕನ್ನು ಸಣ್ಣ ಸಣ್ಣ ತರಂಗಾಂತರಗಳಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರಲ್ ಡಿಟೆಕ್ಟರ್ ಇರುವ ಕಾನ್ಫೋಕಲ್ (ಲೇಸರ್ ಮೈಕ್ರೋಸ್ಕೋಪ್) ಬೇಕು. ಅದು ದುಬಾರಿ. ಬಣ್ಣವನ್ನೇ ಬದಲಿಸಲು ಆಗುತ್ತದಾ, ಮೊದಲು ನೋಡಿ.

ಯಾವುದೇ ಆದರೂ ಒಂದೊಂದೇ ಬಣ್ಣ ಹಾಕಿದ ಸ್ಲೈಡ್ ಇಟ್ಟುಕೊಳ್ಳಿ. ಡಾಪಿ ಮಾತ್ರ ಇರುವ ಸ್ಲೈಡ್‌ನ ಹಸಿರು ಚಾನೆಲ್‌ನಲ್ಲಿ ನ್ಯೂಕ್ಲಿಯಸ್ ಮಸುಕಾಗಿ ಕಂಡರೆ, ಅದು ಸೋರಿಕೆಯೇ ಇರಬೇಕು.