ನೀರಿಗಿಳಿಯದವರಿಗೂ ಕಡಲು ಬೇಕು: ಗೋಕರ್ಣ, ಹೊನ್ನಾವರ, ಮಲ್ಪೆ

ದಾವಣಗೆರೆಯಿಂದ ಕಡಲಿಗೆ ಹೊರಟ ಗಾಡಿಯೊಳಗೆ ಯಾರ್ಯಾರು ಕೂತಿರುತ್ತಾರೆ ನೋಡಿ. ಅಲೆ ಕಂಡ ಕೂಡಲೇ ಚಪ್ಪಲಿ ಬಿಟ್ಟು ಓಡುವ ಮಕ್ಕಳು, ಮೊಣಕಾಲುದ್ದ ನೀರಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ನಾವು, ಜೊತೆಗೆ ಮಂಡಿನೋವಿನ ಅತ್ತೆ, ಸೀರೆ ಒದ್ದೆಯಾಗಬಾರದೆನ್ನುವ ದೊಡ್ಡಮ್ಮ, ಬಿಸಿಲು ತಡೆಯದ ಮಾವ. ನಮ್ಮ ಕಡೆಯ ಮನೆಗಳಲ್ಲಿ ಅರ್ಧ ಜನ ನೀರಿಗೆ ಇಳಿಯುವವರೇ ಅಲ್ಲ. ಶಾಂತಿಸಾಗರ ಕೆರೆಯ ಏರಿ ಮೇಲೆ ನಿಂತು ನೀರು ನೋಡಿ ಸಂತೋಷಪಟ್ಟು ಬೆಳೆದವರು ಅವರು. ಬೀಚಿನ ಬಗ್ಗೆ ಬರೆಯುವವರು ಮಾತ್ರ ಯಾವಾಗಲೂ ಈಜುವವರ ಲೆಕ್ಕದಲ್ಲೇ ಬರೆಯುತ್ತಾರೆ. ಮೂರೂ ಕಡೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಬಂದಿರುವುದರಿಂದ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಹೋಲಿಸುತ್ತೇನೆ: ದಡದಲ್ಲೇ ಉಳಿಯುವವರಿಗೆ ಅಲ್ಲಿ ಏನಿದೆ?

ಮೂರು ಊರಿಗೂ ಘಟ್ಟ ಇಳಿಯಲೇಬೇಕು, ಮೂರರ ಘಟ್ಟವೂ ಬೇರೆ. ಗೋಕರ್ಣಕ್ಕೆ ಹಾವೇರಿ, ಶಿರಸಿ ದಾಟಿ ದೇವಿಮನೆ ಘಟ್ಟದಲ್ಲಿ ಕುಮಟಾ ಕಡೆ ಇಳಿಯುತ್ತೇವೆ. ಹೊನ್ನಾವರಕ್ಕೆ ಹರಿಹರ, ಹೊನ್ನಾಳಿ, ಶಿವಮೊಗ್ಗ, ಸಾಗರ, ಜೋಗ, ಆಮೇಲೆ ಗೇರುಸೊಪ್ಪೆ. ಮಲ್ಪೆಗೆ ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ. ಆಗುಂಬೆ ಘಟ್ಟದ ತಿರುವುಗಳು ಬಹಳ ಬಿಗಿ, ಲಾರಿ ಮತ್ತು ದೊಡ್ಡ ಬಸ್ಸುಗಳಿಗೆ ಅಲ್ಲಿ ಅವಕಾಶವಿಲ್ಲ. ನೆಂಟರೆಲ್ಲ ಸೇರಿ ದೊಡ್ಡ ಬಸ್ಸು ಮಾಡಿಕೊಂಡು ಹೊರಡುವವರು ಇದನ್ನು ಮೊದಲೇ ಯೋಚಿಸಬೇಕು. ವಾಂತಿ ಬರುವ ಮಕ್ಕಳಿದ್ದರಂತೂ ಹೊಟ್ಟೆ ತುಂಬಾ ತಿನ್ನಿಸಿ ಆ ಘಟ್ಟಕ್ಕೆ ಕರೆದೊಯ್ಯಬೇಡಿ.

ಗೋಕರ್ಣದಲ್ಲಿ ಹಿರಿಯರಿಗೆ ಕೊರತೆ ಇಲ್ಲ. ಕೋಟಿತೀರ್ಥ, ಮಹಾಗಣಪತಿ, ಮಹಾಬಲೇಶ್ವರ ಎಲ್ಲ ನಡೆದು ಹೋಗುವಷ್ಟು ಹತ್ತಿರ, ದೇವಸ್ಥಾನದ ಬೀದಿ ಮುಗಿದಲ್ಲಿ ಊರ ಕಡಲೇ ಎದುರಾಗುತ್ತದೆ. ಗಂಡಸರು ಅಂಗಿ ತೆಗೆದು ಪಂಚೆಯುಟ್ಟು ಒಳಗೆ ಹೋಗಬೇಕು. ಆತ್ಮಲಿಂಗ ಕಿತ್ತೊಯ್ಯಲು ರಾವಣ ಹೆಣಗಿದ ಕಥೆಯನ್ನು ಅತ್ತೆ ಮಕ್ಕಳಿಗೆ ಅಲ್ಲೇ ಕೂತು ಹೇಳಿದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆದರೆ ಗೋಕರ್ಣದ ಹೆಸರು ಹೊತ್ತ ಬೀಚುಗಳು ಗುಡ್ಡದ ಆಚೆ ಇವೆ. ಕುಡ್ಲೆಗೆ ಇಳಿಯಬೇಕು, ಓಂ ಬೀಚಿಗೆ ಮೆಟ್ಟಿಲಿಳಿಯಬೇಕು, ಹಾಫ್ ಮೂನ್ ಮತ್ತು ಪ್ಯಾರಡೈಸ್‌ಗೆ ಕಲ್ಲುಗುಡ್ಡದ ಕಾಲುದಾರಿ ಇಲ್ಲವೇ ದೋಣಿ. ಓಂ ಬೀಚನ್ನು ಮೇಲಿನಿಂದ ನೋಡಿದಾಗ ಆ ಆಕಾರ ನಿಜಕ್ಕೂ ಕಣ್ತುಂಬುತ್ತದೆ. "ನೀವ್ ಹೋಗ್ಬರ್ರಿ, ನಾನ್ ಇಲ್ಲೇ ಕೂತಿರ್ತೀನಿ" ಅಂದರು ಅತ್ತೆ. ಒಂದೇ ಊರಿಗೆ ಬಂದು ಎರಡು ಗುಂಪಾಗಿ ಎರಡು ಪ್ರವಾಸ ಮಾಡಿದ ಹಾಗಾಯಿತು. ಗೆಳೆಯರ ಗುಂಪಿಗೆ, ನಡೆಯುವ ಕಾಲಿರುವವರಿಗೆ ಗೋಕರ್ಣಕ್ಕಿಂತ ಮೇಲು ಯಾವುದೂ ಇಲ್ಲ ಎಂದು ಒಪ್ಪುತ್ತೇನೆ. ದಾರಿಯಲ್ಲಿ ಯಾಣದ 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನೂ, ಅಘನಾಶಿನಿ ದಡದ ಮಿರ್ಜಾನ್ ಕೋಟೆಯನ್ನೂ ಸೇರಿಸಿಕೊಳ್ಳಬಹುದು. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿದ ಮಕ್ಕಳಿಗೆ ಮಿರ್ಜಾನ್ ಚಿಕ್ಕದಾಗಿ ಕಾಣುತ್ತದೆ, ಆದರೆ ಮಳೆ ನಿಂತ ಹೊಸತರಲ್ಲಿ ಗೋಡೆ ತುಂಬಾ ಹಸಿರು ಹಬ್ಬಿರುವ ಅಂಥ ಕೋಟೆ ನಮ್ಮ ಕಡೆ ನೋಡಸಿಗದು.

ನನ್ನ ಮನಸ್ಸು ಹೆಚ್ಚು ವಾಲುವುದು ಹೊನ್ನಾವರದ ಕಡೆಗೆ. ಅದಕ್ಕೆ ಕಾರಣ ಶರಾವತಿ. ಬೆಳಿಗ್ಗೆ ಜೋಗದಲ್ಲಿ 253 ಮೀಟರ್ ಕೆಳಗೆ ಧುಮುಕುವುದನ್ನು ನೋಡಿದ ಅದೇ ಹೊಳೆಯ ಮೇಲೆ ಸಂಜೆ ದೋಣಿಯಲ್ಲಿ ಕೂತಿರುತ್ತೇವೆ. ನಡುವೆ ಗೇರುಸೊಪ್ಪೆಯ ಕಾಡು. ಸಿಂಗಳೀಕಗಳಿರುವ ಕಾಡು ಅದು, ಗಾಜು ಇಳಿಸಿ ನಿಧಾನಕ್ಕೆ ಹೋದರೆ ಅದೃಷ್ಟವಿದ್ದವರಿಗೆ ಕಾಣುತ್ತವೆ. ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾದ ರಾಣಿ ಚೆನ್ನಭೈರಾದೇವಿ ಆಳಿದ್ದು ಇದೇ ಗೇರುಸೊಪ್ಪೆಯಿಂದ. ಹೊಳೆ ಹೇಗೆ ಬಿದ್ದು, ಎಲ್ಲಿ ಉಪ್ಪಾಗುತ್ತದೆ ಎಂದು ಪಾಠದಲ್ಲಿ ಓದಿದ್ದನ್ನು ಮಕ್ಕಳು ಒಂದೇ ದಿನದಲ್ಲಿ ಕಣ್ಣಾರೆ ನೋಡುತ್ತಾರೆ. ಈ ದಾರಿಗೆ ಸಾಟಿಯಾದದ್ದು ನನಗೆ ಇನ್ನೊಂದು ಸಿಕ್ಕಿಲ್ಲ.

ಹಿನ್ನೀರಿನ ದೋಣಿ ಹಿರಿಯರಿಗೆ ಹೇಳಿ ಮಾಡಿಸಿದ್ದು. ಅಲೆಯ ಹೊಡೆತವಿಲ್ಲ, ಎರಡೂ ದಡದಲ್ಲಿ ತೆಂಗು, ನಡುಗಡ್ಡೆಗಳು, ಬಲೆ ಹಾಕುವವರು. ದೊಡ್ಡಮ್ಮ ಸೀರೆ ಒದ್ದೆಯಾಗದೆ ನೀರಿನ ಮಧ್ಯಕ್ಕೆ ಹೋಗಿ ಬಂದದ್ದು ಅವರ ಜೀವನದಲ್ಲೇ ಮೊದಲು. ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ನಡಿಗೆದಾರಿ ಇದೆ. ಕಟಕಟೆ ಹಿಡಿದುಕೊಂಡು ಅತ್ತೆಯೂ ನಡೆದರು. ಕೆಸರಿನಿಂದ ಮೇಲೆದ್ದ ಬೇರುಗಳ ನಡುವೆ ಏಡಿಗಳು ಓಡುವುದನ್ನು ನೋಡುತ್ತಾ ಮಕ್ಕಳು ಅಲ್ಲಿಂದ ಕದಲಲಿಲ್ಲ. ಇಳಿತದ ಹೊತ್ತಿಗೆ ಹೋಗಿ, ಉಬ್ಬರವಿದ್ದರೆ ಬೇರುಗಳು ಮುಳುಗಿರುತ್ತವೆ. ಹತ್ತಿರದ ಕಾಸರಕೋಡು ಬೀಚಿಗೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು, ಅದೇ ವರ್ಷ ಉಡುಪಿ ಕಡೆಯ ಪಡುಬಿದ್ರಿಗೂ. ಪ್ರಶಸ್ತಿ ಹಾಗಿರಲಿ, ಬಟ್ಟೆ ಬದಲಿಸಲು ಕೋಣೆ, ಶೌಚಾಲಯ, ಮೈ ತೊಳೆಯಲು ಸಿಹಿನೀರು ಇರುವುದು ಹೆಂಗಸರಿಗೆ ಎಷ್ಟು ದೊಡ್ಡ ಸಮಾಧಾನ ಎಂಬುದು ಒದ್ದೆ ಬಟ್ಟೆಯಲ್ಲೇ ಗಾಡಿ ಹತ್ತಿದವರಿಗೆ ಗೊತ್ತು.

ಮುರುಡೇಶ್ವರವನ್ನು ಇದೇ ಪ್ರವಾಸಕ್ಕೆ ಸೇರಿಸಿ. ಮೂರು ಕಡೆ ಕಡಲು ಸುತ್ತಿದ ಕಂದುಕಗಿರಿ, ಮೇಲೆ 123 ಅಡಿಯ ಶಿವ. 20 ಅಂತಸ್ತಿನ ರಾಜಗೋಪುರದಲ್ಲಿ ಲಿಫ್ಟ್ ಇದೆ, ಮೆಟ್ಟಿಲು ಹತ್ತಲಾಗದವರು ಆ ಎತ್ತರದಿಂದ ಕಡಲು ನೋಡಬಹುದಾದ ಜಾಗ ಈ ಮೂರು ಪ್ರವಾಸಗಳಲ್ಲಿ ಇದೊಂದೇ. ಬೀಚು ಮಾತ್ರ ಭಾನುವಾರ ಜಾತ್ರೆ. ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ಯುವಕರ ವಿಷಯ, ನಾನು ಮಾಡಿಲ್ಲ.

ಮಲ್ಪೆಯ ಬಲ ಸೇಂಟ್ ಮೇರೀಸ್ ದ್ವೀಪ. ಭಾರತದಿಂದ ಮಡಗಾಸ್ಕರ್ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ ಸೀಳಿದ್ದರಿಂದ ಆದ ಕಲ್ಲಿನ ಕಂಬಗಳು ಅವು. ಅನೇಕ ಕಂಬಗಳಿಗೆ ಆರು ಮೂಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಅದೇ ಪಟ್ಟಿಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯೂ ಇದೆ! ಅಲ್ಲಿನ ದಿಂಬಿನಾಕಾರದ ಕಲ್ಲುಗಳು ನೀರಿನಡಿಯಲ್ಲಿ ಉಕ್ಕಿದ ಲಾವಾದಿಂದ ಆದವು. ಮಳೆಗೆ ಬಾಯಿಬಿಡುವ ನಮ್ಮ ನೆಲ ಒಂದು ಕಾಲಕ್ಕೆ ನೀರಿನ ತಳವಾಗಿತ್ತು ಎಂದು ದ್ವೀಪದ ಕಂಬಗಳ ಮುಂದೆ ನಿಲ್ಲಿಸಿ ಹೇಳಿದಾಗ ಮಗಳ ಕಣ್ಣು ಅರಳಿದ್ದನ್ನು ನಾನು ಮರೆಯುವುದಿಲ್ಲ. ಹೈಸ್ಕೂಲು ಮಕ್ಕಳಿರುವವರು ಎರಡನ್ನೂ ತೋರಿಸಲೇಬೇಕು.

ಹಿರಿಯರಿಗೆ ಮಾತ್ರ ಆ ದ್ವೀಪ ಕಷ್ಟ. ದೋಣಿ ಹತ್ತಿ ಇಳಿಯಲು ಕೈ ಆಸರೆ ಬೇಕು, ಕಲ್ಲು ಜಾರುತ್ತದೆ. ಅತ್ತೆ, ಮಾವ ದಡದಲ್ಲೇ ಮಲ್ಪೆಯ ಸೀ ವಾಕ್‌ನಲ್ಲಿ ಕೂತು ಬಂದರಿನ ದೋಣಿಗಳನ್ನು ನೋಡಿದರು, ಮರುದಿನ ಉಡುಪಿಯ ಕನಕನ ಕಿಂಡಿಯಲ್ಲಿ ಕೃಷ್ಣನನ್ನು ಕಂಡರು. ಕಾಪುವಿನ ದೀಪಸ್ತಂಭ 1901ರದು, ಸಂಜೆ ಹೊತ್ತು ಹತ್ತಬಹುದು, ಆದರೆ ಒಳಗೆಲ್ಲ ಕಡಿದಾದ ಮೆಟ್ಟಿಲು. ಮರವಂತೆ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ: ಗಾಡಿ ನಿಲ್ಲಿಸಿ ನೋಡುವುದಕ್ಕೆ ಸೊಗಸು, ನೀರಿಗಿಳಿಯಲು ಬೇಡ.

ಊಟದ ವಿಷಯಕ್ಕೆ ಉಡುಪಿಯೇ ಗೆದ್ದಿತು. ನಮ್ಮ ಮನೆ ಸಸ್ಯಾಹಾರಿ. ನೀರುದೋಸೆ, ಗೋಳಿಬಜೆ ಮಕ್ಕಳಿಗೆ ಹಿಡಿಸಿದವು. ಬೆಣ್ಣೆದೋಸೆ ತಿಂದ ನಾಲಿಗೆಗೆ ಕುಚ್ಚಲಕ್ಕಿ ಅನ್ನ ಒಗ್ಗಲು ಒಂದೆರಡು ಊಟ ಬೇಕು, ಬೆಳ್ತಿಗೆ ಅಂದರೆ ಬಿಳಿ ಅನ್ನ ಬೇಕೆಂದರೆ ಕೊಡುತ್ತಾರೆ. ಹೊನ್ನಾವರದ ಕಡೆ ಅಪ್ಪೆಹುಳಿ ಕುಡಿದ ಮಾವ ಘಟ್ಟ ಇಳಿದ ಸುಸ್ತೆಲ್ಲ ಹೋಯಿತು ಎಂದರು.

ಇಡೀ ಮನೆ ಹೊರಡುವುದಾದರೆ ನನ್ನ ಮತ ಹೊನ್ನಾವರ ಮತ್ತು ಮುರುಡೇಶ್ವರಕ್ಕೆ, ಅದೂ ದಸರೆ ಮುಗಿದ ಮೇಲೆ. ಜೋಗದಲ್ಲಿ ಆಗ ಇನ್ನೂ ನೀರಿರುತ್ತದೆ, ಕಡಲು ಶಾಂತವಾಗಿ ದೋಣಿಗಳು ಶುರುವಾಗಿರುತ್ತವೆ. ಮಳೆಗಾಲದಲ್ಲಿ ಮಲ್ಪೆಯಿಂದ ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ಆಗ ಅಲ್ಲಿಗೆ ಹೋದರೆ ಅರ್ಧ ಪ್ರವಾಸ. ಏಪ್ರಿಲ್ ರಜೆಯಲ್ಲೇ ಹೋಗಬೇಕಾದವರಿಗೆ ನನ್ನ ಮಾತು ಬೇರೆ: ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ನೀರು ಹಿಡಿದಿಟ್ಟುಕೊಂಡಿರುತ್ತದೆ, ಜೋಗದಲ್ಲಿ ಬಂಡೆಯೇ ಹೆಚ್ಚು ಕಾಣುತ್ತದೆ. ಆ ರಜೆಗೆ ಮಲ್ಪೆ ಆರಿಸಿಕೊಳ್ಳಿ, ದ್ವೀಪದ ಮೊದಲ ದೋಣಿಗೇ ಹೊರಟುಬಿಡಿ, ಬಿಸಿಲೇರುವ ಹೊತ್ತಿಗೆ ಉಡುಪಿ ಮಠದ ಊಟಕ್ಕೆ ತಲುಪಬಹುದು.