ಬಣ್ಣದ ನೀರು ತಿಳಿ ಮಾಡುವ ಯುವಿ ಟ್ಯಾಂಕ್: 8 ತಿಂಗಳ ಬಳಕೆಯ ನಂತರ

ರಬಕವಿ-ಬನಹಟ್ಟಿಯಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ. ಬಣ್ಣದ ನೀರನ್ನು ಹಾಗೇ ಚರಂಡಿಗೆ ಬಿಡಲು ಮನಸ್ಸು ಒಪ್ಪುತ್ತಿರಲಿಲ್ಲ. ಅದಕ್ಕೇ ಯುವಿ (ಅತಿನೇರಳೆ ಬೆಳಕಿನ) ದೀಪ ಮತ್ತು ಟೈಟಾನಿಯಂ ಡೈಆಕ್ಸೈಡ್ ಪುಡಿ ಬಳಸುವ ಈ ಟ್ಯಾಂಕ್ ತಂದೆವು.

ಕೆಲಸ ಮಾಡುತ್ತದೆ, ಆದರೆ ತೆಳು ಬಣ್ಣದ ನೀರಿಗೆ ಮಾತ್ರ. ಬೆಳಕು ಬಿದ್ದಾಗ ಪುಡಿಯ ಮೇಲೆ ಬಹಳ ಚುರುಕಾಗಿ ವರ್ತಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಹುಟ್ಟಿ ಬಣ್ಣದ ಅಣುವನ್ನು ಒಡೆಯುತ್ತವೆ; ಕೊನೆಯ ತೊಳೆತದ ನಸುಗೆಂಪು ನೀರು ಮೂರು ಗಂಟೆಯಲ್ಲಿ ತಿಳಿಯಾಗಿದ್ದನ್ನು ಮೊದಲ ಸಲ ಗಾಜಿನ ಲೋಟದಲ್ಲಿ ಹಿಡಿದು ನೋಡಿದಾಗ ತುಂಬಾ ಖುಷಿಯಾಯಿತು. ಅದೇ ನೂಲನ್ನು ಬಣ್ಣದಲ್ಲಿ ಅದ್ದುವ ಮೊದಲ ಬಾತ್‌ನ ಕಪ್ಪು ನೀರು ಹಾಕಿದರೆ ಬೆಳಕು ಒಳಗೇ ಇಳಿಯುವುದಿಲ್ಲ, ರಾತ್ರಿಯಿಡೀ ಓಡಿಸಿದರೂ ಬಣ್ಣ ಹಾಗೇ. ಮೊದಲು ಸುಣ್ಣ, ಫೆರಸ್ ಸಲ್ಫೇಟ್ ಹಾಕಿ ಗಸಿ ಕೂರಿಸಿ, ಆಮೇಲೆ ಇದಕ್ಕೆ ಬಿಡಿ.

ಮಾರಿದವರು ಬಿಸಿಲಲ್ಲೇ ಸಾಕು, ಕರೆಂಟ್ ಬೇಡ ಅಂದಿದ್ದರು. ಅದು ಸರಿಯಲ್ಲ. ಈ ಪುಡಿ ಸುಮಾರು 387 ನ್ಯಾನೋಮೀಟರ್‌ಗಿಂತ ಕಡಿಮೆ ಅಲೆಯುದ್ದದ ಬೆಳಕನ್ನು, ಅಂದರೆ ಯುವಿಯನ್ನು ಮಾತ್ರ ಹೀರುತ್ತದೆ, ಬಿಸಿಲಿನಲ್ಲಿ ಅಂಥದ್ದು ಶೇಕಡಾ 5ರಷ್ಟೂ ಇಲ್ಲ. ದೀಪ ಉರಿಸಲೇಬೇಕು, ಬಿಲ್ ಜಾಸ್ತಿ ಬರುತ್ತದೆ.

ಪುಡಿ ವಾಪಸ್ ಪಡೆಯುವುದೇ ದೊಡ್ಡ ತಲೆನೋವು. ಎಷ್ಟು ನುಣುಪು ಅಂದರೆ ಫಿಲ್ಟರ್ ಕಟ್ಟಿಕೊಂಡು ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು. ಪುಡಿಯನ್ನು ಗಾಜಿಗೆ ಅಂಟಿಸಿದ ಮಾದರಿ ಸಿಕ್ಕರೆ ಅದನ್ನೇ ಕೇಳಿ, ಸ್ವಲ್ಪ ನಿಧಾನವಾದರೂ ಪರವಾಗಿಲ್ಲ.

ಇನ್ನೊಂದು ಮಾತು. ಬಣ್ಣ ಹೋದರೂ ರಿಯಾಕ್ಟಿವ್ ಡೈಗೆ (ನೂಲಿನ ಜೊತೆ ರಾಸಾಯನಿಕವಾಗಿ ಬೆಸೆಯುವ ಬಣ್ಣ) ಹಾಕಿದ ಉಪ್ಪು ನೀರಲ್ಲೇ ಉಳಿಯುತ್ತದೆ. ದಯವಿಟ್ಟು ಹೊಲಕ್ಕೆ ಬಿಡಬೇಡಿ.